ಕೋರಮಂಡಲ್‌ನಿಂದ ವಿಶ್ವವಿದ್ಯಾನಿಲಯಕ್ಕೆ ಎಷ್ಟು ದೂರ?

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಮಹಿಳಾ ಅಧ್ಯಯನದ ವಿಚಾರ ಸಂಕಿರಣಗಳ ಸುಗ್ಗಿ. ಉದ್ಘಾಟನೆ, ಆಶಯ ಭಾಷಣ, ಎರಡು ಗೋಷ್ಠಿ, ಮಧ್ಯಾಹ್ನದ ಊಟ, ಸಮಾರೋಪ. ಇಂತಹ ಗೋಷ್ಠಿಗಳಲ್ಲಿ ಮುಸ್ಲಿಮ್ ಮಹಿಳೆ ಪ್ರಸ್ತಾಪವಾಗದೇ ಇರುವುದು ಅಪರೂಪ. ಆಕೆಯ ಸಾಕ್ಷರತೆ, ಆಕೆಯ ಪರದೆ, ಆಕೆಯ ತಲಾಕ್, ಹೀಗೆ ಎಲ್ಲದರ ಬಗ್ಗೆಯೂ ಅಭಿಪ್ರಾಯಗಳು ಮಂಡನೆಯಾಗುತ್ತವೆ. ಆದರೆ ಪ್ರಬಂಧ ಮಂಡಿಸುವವರ ಸಾಲಿನಲ್ಲಿ ಆಕೆಯನ್ನು ಹುಡುಕಬೇಕಾಗುತ್ತದೆ. ಇದಕ್ಕೆ ವಿಶ್ವವಿದ್ಯಾನಿಲಯಗಳನ್ನಷ್ಟೇ ದೂರಿ ಸುಮ್ಮನಾಗುವುದು ಸುಲಭ. ಹಾಗೆ ಸುಮ್ಮನಾಗುವ ಹಕ್ಕು ನಮಗಿದೆಯೇ?

ಬಂಗಾರಪೇಟೆಯಿಂದ ಮಾರಿಕುಪ್ಪಮ್‌ಗೆ ಹೋಗುವ ರೈಲು ಹಳಿಯ ಮೇಲೆ ಕೋರಮಂಡಲ್ ಒಂದು ಪುಟ್ಟ ನಿಲ್ದಾಣ. ಮುಂದಿನವು ಊರಿಗಾಂ, ಚಾಂಪಿಯನ್. 1880ರಿಂದ ಜಾನ್ ಟೇಲರ್ ಕಂಪೆನಿ ಬೆಳೆಸಿದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಬಳಿಕ ಈ ಹಳಿಯೇ ಇಲ್ಲಿನ ಜನರ ಜೀವನಾಡಿ. ನಸುಕಿನಲ್ಲಿ ಬೆಂಗಳೂರಿಗೆ ಹೊರಟು ರಾತ್ರಿ ಮರಳುವ ಸಾವಿರಾರು ಮಂದಿಯಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗೆ, ಅಂಗಡಿಗೆ, ಆಸ್ಪತ್ರೆಯ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳೂ ಇದ್ದಾರೆ. ದುಡಿಮೆಗೆಂದು ಮಗಳನ್ನು ಆ ರೈಲಿಗೆ ಹತ್ತಿಸುವ ಮನೆಗಳಲ್ಲಿಯೇ, ಎಂ.ಎ. ಓದಲು ಕೋಲಾರಕ್ಕೆ ಹೋಗುತ್ತೇನೆಂದು ಇನ್ನೊಬ್ಬ ಮಗಳು ಹೇಳಿದಾಗ 'ಅಷ್ಟು ದೂರವೇ?' ಎಂಬ ಪ್ರಶ್ನೆ ಏಳುತ್ತದೆ. ದುಡಿಮೆಗೆ ಇಲ್ಲದ ದೂರ ಓದಿಗೆ ಮಾತ್ರ ಎಲ್ಲಿಂದ ಬಂತು?

ಕೆಜಿಎಫ್ ಮತ್ತು ಬಂಗಾರಪೇಟೆಯ ಪದವಿ ಕಾಲೇಜುಗಳು ಹಿಂದೆ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಅದನ್ನು ಮೂರಾಗಿ ವಿಂಗಡಿಸಿದ ನಂತರ 2017ರಿಂದ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯ ಕೋಲಾರದ ಟಮಕದಲ್ಲಿ ಕೆಲಸ ಮಾಡುತ್ತಿದೆ. ವಿಶ್ವವಿದ್ಯಾನಿಲಯವೇ ಜಿಲ್ಲೆಯೊಳಗೆ ಬಂದಂತಾಯಿತು. 2023ರ ಜೂನ್ 11ರಿಂದ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತ. ಹಾಗಾಗಿ ಬಸ್ಸಿನ ಖರ್ಚಿನ ನೆಪವೂ ಉಳಿದಿಲ್ಲ. ಕತ್ತಲಾದ ಮೇಲೆ ಮಗಳು ಬಸ್ ನಿಲ್ದಾಣದಲ್ಲಿ ನಿಲ್ಲಬೇಕಾಗುವ ಭಯ ಮಾತ್ರ ನಿಜವಾದದ್ದು. ಅದನ್ನು ಯಾರೂ ಹಗುರವಾಗಿ ಕಾಣಬಾರದು. 1911ರಲ್ಲಿ ಕಲ್ಕತ್ತಾದಲ್ಲಿ ಎಂಟು ಮಂದಿ ಬಾಲಕಿಯರೊಂದಿಗೆ ಶಾಲೆ ತೆರೆದ ಬೇಗಂ ರುಕಿಯಾ ಸಖಾವತ್ ಹುಸೇನ್ ಅವರ ಮುಂದೆಯೂ ಇದೇ ಭಯವಿತ್ತು. ಅವರು ಹೆತ್ತವರಿಗೆ ಉಪನ್ಯಾಸ ಮಾಡಿ ಬಿಡಲಿಲ್ಲ, ಪರದೆ ಕಟ್ಟಿದ ಗಾಡಿಗಳ ವ್ಯವಸ್ಥೆ ಮಾಡಿದರು. ಮದುವೆಯ ಮೆರವಣಿಗೆಗೆ ಐದಾರು ಕಾರುಗಳನ್ನು ಗೊತ್ತು ಮಾಡಬಲ್ಲ ನಮ್ಮ ಮೊಹಲ್ಲಾಗಳಿಗೆ ಹತ್ತು ವಿದ್ಯಾರ್ಥಿನಿಯರಿಗಾಗಿ ಒಂದು ವ್ಯಾನ್ ಗೊತ್ತು ಮಾಡುವುದು ಅಸಾಧ್ಯವೇ?

ಮಹಿಳಾ ಅಧ್ಯಯನ ಎಂಬ ವಿಷಯದ ಬಗ್ಗೆಯೇ ನಮ್ಮಲ್ಲಿ ಒಂದು ಸಂಶಯವಿದೆ. ಅದನ್ನು ಓದಿದರೆ ಹುಡುಗಿ ಮನೆಯ ವಿರುದ್ಧ ತಿರುಗಿ ಬೀಳುತ್ತಾಳೆ, ಧರ್ಮವನ್ನು ಪ್ರಶ್ನಿಸುತ್ತಾಳೆ ಎಂಬ ಮಾತು ಕೇಳಿಬರುತ್ತದೆ. ಈ ವಿಷಯ ನಮ್ಮ ದೇಶದಲ್ಲಿ ಹುಟ್ಟಿದ ಬಗೆ ತಿಳಿದವರು ಹಾಗೆ ಹೇಳಲಾರರು. 1971ರಲ್ಲಿ ಕೇಂದ್ರ ಸರಕಾರ ಮಹಿಳೆಯರ ಸ್ಥಿತಿಗತಿಯ ಅಧ್ಯಯನಕ್ಕಾಗಿ ಒಂದು ಸಮಿತಿಯನ್ನು ನೇಮಿಸಿತು. 1974ರಲ್ಲಿ ಅದು ಕೊಟ್ಟ ವರದಿ, ಸ್ವಾತಂತ್ರ್ಯ ಬಂದು ಕಾಲು ಶತಮಾನ ಕಳೆದರೂ ಸಾಮಾನ್ಯ ಮಹಿಳೆಯ ಬದುಕು ಅನೇಕ ವಿಷಯಗಳಲ್ಲಿ ಹಿಂದೆ ಸರಿದಿದೆ ಎಂಬುದನ್ನು ಲೆಕ್ಕ ಸಮೇತ ತೋರಿಸಿತು. ಅದೇ ವರ್ಷ ಮುಂಬೈಯ ಎಸ್‌ಎನ್‌ಡಿಟಿ ವಿಶ್ವವಿದ್ಯಾನಿಲಯದಲ್ಲಿ ಮೊದಲ ಅಧ್ಯಯನ ಘಟಕ ಆರಂಭವಾಯಿತು. 1986ರ ಶಿಕ್ಷಣ ನೀತಿಯ ಬಳಿಕ ಯುಜಿಸಿ ಇಂತಹ ಕೇಂದ್ರಗಳಿಗೆ ಹಣ ಕೊಡತೊಡಗಿತು. ಕೂಲಿ, ಆರೋಗ್ಯ, ಆಸ್ತಿ, ಶಾಲೆ, ನೀರು ಇವೇ ಈ ಶಾಸ್ತ್ರದ ಮೂಲ ವಿಷಯಗಳು. ಇವುಗಳಲ್ಲಿ ನಮಗೆ ಸಂಬಂಧಿಸದ್ದು ಯಾವುದು? ಎರಡು ಸಾವಿರಕ್ಕೂ ಹೆಚ್ಚು ಹದೀಸ್‌ಗಳನ್ನು ವರದಿ ಮಾಡಿದ, ಸಹಾಬಿಗಳು ತಮ್ಮ ಸಂದೇಹಗಳನ್ನು ಹೊತ್ತು ತರುತ್ತಿದ್ದ ಹಝ್ರತ್ ಆಯಿಶಾ(ರ)ರನ್ನು ಗೌರವಿಸುವ ಸಮುದಾಯ, ಪ್ರಶ್ನೆ ಕೇಳುವ ಹೆಣ್ಣನ್ನು ಕಂಡು ಅಂಜುವುದು ವಿಚಿತ್ರವೇ ಸರಿ.

ಬೇರೆ ವಿಷಯ ಬಿಡಿ, ಕೆಜಿಎಫ್‌ನ ನೆಲವನ್ನೇ ನೋಡಿ. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿಯಲ್ಲಿ ಕಲ್ಲುಧೂಳು ನುಂಗಿ ಸಿಲಿಕೋಸಿಸ್‌ಗೆ ತುತ್ತಾದ ಕಾರ್ಮಿಕರನ್ನು ಮನೆಯಲ್ಲಿ ಆರೈಕೆ ಮಾಡಿದವರು ಯಾರು? ಗಣಿ ಮುಚ್ಚಿ ಸಂಬಳ ನಿಂತಾಗ ಹೊಲಿಗೆ ಯಂತ್ರ ತುಳಿದು, ಬೀಡಿ ಸುತ್ತಿ, ಬೆಂಗಳೂರಿನ ರೈಲು ಹತ್ತಿ ಒಲೆ ಉರಿಸಿದವರು ಯಾರು? ಗಾಳಿ ಬೀಸುವ ದಿನಗಳಲ್ಲಿ ಸೈನೈಡ್ ದಿಬ್ಬಗಳಿಂದ ಏಳುವ ಧೂಳು ಅಡುಗೆಯ ಪಾತ್ರೆಗೆ, ಒಣಹಾಕಿದ ಬಟ್ಟೆಗೆ, ತೊಟ್ಟಿಲ ಮಗುವಿನ ಉಸಿರಿಗೆ ಸೇರುವುದನ್ನು ದಿನವೂ ಕಂಡವರು ಯಾರು? ಈ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಚಿನ್ನದ ಲೆಕ್ಕ ಹಾಕಲು ತಜ್ಞರಿದ್ದಾರೆ. ಆ ಧೂಳಿನಲ್ಲಿ ಮಕ್ಕಳನ್ನು ಸಾಕಿದ ತಾಯಂದಿರ ಲೆಕ್ಕವನ್ನು ಯಾರು ಬರೆಯಬೇಕು? ಉರ್ದು, ತಮಿಳು, ತೆಲುಗು, ಕನ್ನಡ ನಾಲ್ಕನ್ನೂ ಬೀದಿಯಲ್ಲೇ ಕಲಿತ ಇಲ್ಲಿನ ಹುಡುಗಿಗಿಂತ ಸಮರ್ಥ ಸಂಶೋಧಕಿ ಈ ಕೆಲಸಕ್ಕೆ ಎಲ್ಲಿ ಸಿಗುತ್ತಾಳೆ? ಮುಸ್ಲಿಮ್, ದಲಿತ, ಕ್ರೈಸ್ತ ಮನೆಗಳ ಬಾಗಿಲು ಆಕೆಗೆ ತೆರೆದಷ್ಟು ಬೆಂಗಳೂರಿನ ಪ್ರಾಧ್ಯಾಪಕರಿಗೆ ತೆರೆಯಲಾರದು.

ಆದರೆ ಸಂಶೋಧನೆಗೆ ಹಣ ಬೇಕು. ಇಲ್ಲಿ ಸರಕಾರದ ಧೋರಣೆಯನ್ನು ಮರೆಮಾಚುವಂತಿಲ್ಲ. ಸಾಚಾರ್ ಸಮಿತಿಯ 2006ರ ವರದಿಯ ನಂತರದ ದಿನಗಳಲ್ಲಿ, 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್, ಬಡ ಮನೆಯ ಮುಸ್ಲಿಮ್ ಹುಡುಗಿಯೊಬ್ಬಳು ಪಿಎಚ್.ಡಿ. ಕನಸು ಕಾಣುವುದಕ್ಕೆ ಕಾರಣವಾಗಿತ್ತು. 2022ರ ಡಿಸೆಂಬರ್‌ನಲ್ಲಿ ಅದನ್ನು ನಿಲ್ಲಿಸಲಾಗಿದೆಯೆಂದು ಕೇಂದ್ರ ಸಚಿವರು ಲೋಕಸಭೆಯಲ್ಲಿ ತಿಳಿಸಿದರು. ಬೇರೆ ಯೋಜನೆಗಳಲ್ಲಿ ಇಂತಹುದೇ ನೆರವು ಸಿಗುತ್ತದೆ ಎಂಬುದು ಕೊಟ್ಟ ಕಾರಣ. ಅದಕ್ಕೆ ಸ್ವಲ್ಪ ಮುಂಚೆ, ನವೆಂಬರ್‌ನಲ್ಲಿ, ಒಂದರಿಂದ ಎಂಟನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳ ವಿದ್ಯಾರ್ಥಿವೇತನ ನಿಂತಿತ್ತು. ಒಂಬತ್ತರಿಂದ ಹನ್ನೆರಡರವರೆಗಿನ ಹುಡುಗಿಯರಿಗೆ ಬೇಗಂ ಹಝ್ರತ್ ಮಹಲ್ ಹೆಸರಿನಲ್ಲಿ ಹಣ ಕೊಡುತ್ತಿದ್ದ ಮೌಲಾನಾ ಆಝಾದ್ ಶಿಕ್ಷಣ ಪ್ರತಿಷ್ಠಾನವನ್ನೇ ಮುಚ್ಚಲು 2024ರ ಫೆಬ್ರವರಿಯಲ್ಲಿ ಆದೇಶವಾಯಿತು. ಒಂದನೇ ತರಗತಿಯಿಂದ ಪಿಎಚ್.ಡಿ.ವರೆಗಿನ ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಕಳಚಿದ ಮೇಲೆ, ಮುಸ್ಲಿಮ್ ಮಹಿಳೆಯರ ಸಬಲೀಕರಣದ ಬಗ್ಗೆ ಆಡುವ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಓದುಗರೇ ನಿರ್ಧರಿಸಲಿ. ಮಹಿಳಾ ಅಧ್ಯಯನ ಕೇಂದ್ರಗಳ ಪಾಡೂ ಭದ್ರವಾಗಿಲ್ಲ. ಹನ್ನೆರಡನೆಯ ಪಂಚವಾರ್ಷಿಕ ಯೋಜನೆ ಮುಗಿದ 2017ರಲ್ಲಿ ದೇಶದ ನೂರೈವತ್ತಕ್ಕೂ ಹೆಚ್ಚು ಕೇಂದ್ರಗಳ ಅನುದಾನ ಅನಿಶ್ಚಿತವಾಗಿ ಅಧ್ಯಾಪಕಿಯರು ಬೀದಿಗಿಳಿಯಬೇಕಾಯಿತು.

ಹಾಗೆಂದು ಎಲ್ಲ ಬಾಗಿಲೂ ಮುಚ್ಚಿಲ್ಲ. ಯುಜಿಸಿ ನೆಟ್ ಪರೀಕ್ಷೆಯಲ್ಲಿ ಮಹಿಳಾ ಅಧ್ಯಯನ ಪ್ರತ್ಯೇಕ ವಿಷಯವಾಗಿದೆ. ಅದರಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್ ಗಳಿಸಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಇದು ಯಾರ ದಯೆಯೂ ಅಲ್ಲ, ಓದಿ ಪಡೆಯುವಂಥದ್ದು. ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯವೂ ಪೂರ್ಣಾವಧಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಫೆಲೋಶಿಪ್ ಯೋಜನೆಯನ್ನು ನಡೆಸಿಕೊಂಡು ಬಂದಿದೆ. ಹತ್ತು ಮತ್ತು ಹನ್ನೆರಡನೇ ತರಗತಿಗಳನ್ನು ಸರಕಾರಿ ಶಾಲೆ ಕಾಲೇಜಿನಲ್ಲಿ ಮುಗಿಸಿ ಪದವಿಗೆ ಸೇರಿದ ಹುಡುಗಿಯರಿಗೆ ಅಝೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ರೂಪಾಯಿ ಕೊಡುವ ಯೋಜನೆ 2025ರಲ್ಲಿ ಕರ್ನಾಟಕಕ್ಕೂ ಬಂತು. ಮನೆ ಬಿಟ್ಟು ಹೋಗಲಾರದ, ಈಗಾಗಲೇ ಮದುವೆಯಾದ ಪದವೀಧರೆಯರಿಗೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ಮಹಿಳಾ ಮತ್ತು ಲಿಂಗತ್ವ ಅಧ್ಯಯನದ ಎಂ.ಎ. ಇದೆ. ವಿಜಯಪುರದಲ್ಲಿ 2003ರಲ್ಲಿ ಸ್ಥಾಪನೆಯಾದ, ಈಗ ಅಕ್ಕಮಹಾದೇವಿಯ ಹೆಸರು ಹೊತ್ತಿರುವ ಮಹಿಳಾ ವಿಶ್ವವಿದ್ಯಾನಿಲಯದಲ್ಲಿ ಈ ವಿಷಯಕ್ಕೇ ಮೀಸಲಾದ ವಿಭಾಗವಿದೆ. ಅದು ಕೆಜಿಎಫ್‌ನಿಂದ 500 ಕಿಲೋಮೀಟರಿಗೂ ಹೆಚ್ಚು ದೂರ ಎಂಬುದು ನಿಜ. ದೇಶಾಂತರ ಹೋಗಿ ದುಡಿಯುವ ಗಂಡುಮಕ್ಕಳ ಮನೆಗಳಿಗೆ ಈ ದೂರವನ್ನು ವಿವರಿಸಬೇಕಾಗಿಲ್ಲ.

ದೇಶದಲ್ಲಿ ಉನ್ನತ ಶಿಕ್ಷಣಕ್ಕೆ ಸೇರಿದ ಮುಸ್ಲಿಮ್ ವಿದ್ಯಾರ್ಥಿಗಳ ಸಂಖ್ಯೆ 2021-22ರಲ್ಲಿ ಸುಮಾರು 21 ಲಕ್ಷ. ಅವರಲ್ಲಿ ಸರಿಸುಮಾರು ಅರ್ಧದಷ್ಟು ಹುಡುಗಿಯರು. ಹುಡುಗಿಯರು ಓದುತ್ತಿಲ್ಲ ಎಂಬ ಹಳೆಯ ಮಾತನ್ನು ಇನ್ನು ಕೈಬಿಡಬೇಕು. ಅವರು ಓದುತ್ತಿದ್ದಾರೆ, ಪದವಿಯ ಹೊಸ್ತಿಲಲ್ಲಿ ಅವರನ್ನು ತಡೆಯುವವರು ನಾವು. 2022ರ ಫೆಬ್ರವರಿ 5ರ ಸಮವಸ್ತ್ರದ ಆದೇಶದ ದಿನಗಳಲ್ಲಿ ಶಿರವಸ್ತ್ರದ ಬಗ್ಗೆ ಇಡೀ ದೇಶ ಮಾತಾಡಿತು. ಕಾಲೇಜಿನ ಗೇಟಿನ ಹೊರಗೆ ನಿಂತ ಹುಡುಗಿಯ ಪರವಾಗಿ ಅಂದು ನಾವೂ ಗಟ್ಟಿಯಾಗಿಯೇ ಮಾತಾಡಿದೆವು. ಅದೇ ಹುಡುಗಿ ಮೂರು ವರ್ಷಗಳ ನಂತರ ಸ್ನಾತಕೋತ್ತರ ಅರ್ಜಿ ಹಿಡಿದು ನಿಂತಾಗ ಮನೆಯ ಗೇಟು ಹಾಕಿದ್ದರೆ ಆ ಮಾತಿಗೆ ಏನರ್ಥ? ಹಾಸನದ ಬಾನು ಮುಷ್ತಾಕ್ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ಅನೇಕ ಮೊಹಲ್ಲಾಗಳಲ್ಲಿ ಸಂತೋಷ ಪಟ್ಟರು. 2000ರಲ್ಲಿ, ಮಹಿಳೆಯರ ಮಸೀದಿ ಪ್ರವೇಶದ ಪರ ಮಾತಾಡಿದ ಅದೇ ಲೇಖಕಿ ಸಾಮಾಜಿಕ ಬಹಿಷ್ಕಾರ ಎದುರಿಸಿದ್ದನ್ನು ನೆನಪಿಸಿಕೊಂಡವರು ಕಡಿಮೆ.

ವಿಶ್ವವಿದ್ಯಾನಿಲಯದವರಿಗೂ ಒಂದು ಮಾತು. ಮುಂದಿನ ಮಾರ್ಚ್‌ನ ವಿಚಾರ ಸಂಕಿರಣವನ್ನು ಟಮಕದ ಸಭಾಂಗಣದಲ್ಲೇ ನಡೆಸಬೇಕೆಂಬ ನಿಯಮವೇನೂ ಇಲ್ಲವಷ್ಟೆ. ರಾಬರ್ಟ್‌ಸನ್‌ಪೇಟೆಯಲ್ಲೋ ಊರಿಗಾಂನಲ್ಲೋ ಒಂದು ದಿನ ನಡೆಸಿ, ಗಣಿ ಕಾರ್ಮಿಕರ ವಿಧವೆಯರನ್ನು, ಹೊಲಿಗೆಯವರನ್ನು, ಪದವಿ ಮುಗಿಸಿ ಮನೆಯಲ್ಲಿ ಕುಳಿತ ಹುಡುಗಿಯರನ್ನು ಕರೆಯಲಿ. ವಿದ್ಯಾರ್ಥಿವೇತನದ ಪ್ರಕಟಣೆಯನ್ನು ಸೂಚನಾ ಫಲಕಕ್ಕೆ ಅಂಟಿಸಿ ಕೈತೊಳೆದುಕೊಳ್ಳದೆ, ಉರ್ದು ಮತ್ತು ಕನ್ನಡದಲ್ಲಿ ಮಸೀದಿ, ಚರ್ಚು, ಸಂಘಗಳಿಗೆ ಕಳುಹಿಸಲಿ.

ಜಮಾಅತ್ ಸಮಿತಿಗಳು ಅದಕ್ಕಾಗಿ ಕಾಯಬೇಕಾಗಿಲ್ಲ. ಅರ್ಜಿಗಳು ತಿರಸ್ಕೃತವಾಗುವುದು ಹೆಚ್ಚಾಗಿ ಸಣ್ಣ ಕಾರಣಗಳಿಗೆ: ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ, ಆಧಾರ್‌ನಲ್ಲಿ 'ಬಾನು' ಎಂದಿದ್ದರೆ ಅಂಕಪಟ್ಟಿಯಲ್ಲಿ 'ಬೇಗಂ' ಎಂದಿರುತ್ತದೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ. ಕೋರಮಂಡಲ್, ಊರಿಗಾಂ, ಬಂಗಾರಪೇಟೆಯ ಪ್ರತಿ ಮಸೀದಿಯ ಕಚೇರಿಯಲ್ಲಿ ಜುಮಾ ನಮಾಝಿನ ನಂತರ ಎರಡು ತಾಸು, ಕಂಪ್ಯೂಟರ್ ಬಲ್ಲ ಒಬ್ಬ ಯುವಕ ಮತ್ತು ಒಬ್ಬ ಯುವತಿ ಕುಳಿತರೆ ಈ ಕಾಗದಗಳನ್ನು ಸರಿಪಡಿಸಬಹುದು. ನಾಡಕಚೇರಿಯಿಂದ ಪ್ರಮಾಣಪತ್ರ ಬರಲು ದಿನಗಳು ಹಿಡಿಯುತ್ತವೆ. ಆದ್ದರಿಂದ ಪದವಿಯ ಕೊನೆಯ ಪರೀಕ್ಷೆ ಮುಗಿಯುವ ಮುಂಚೆಯೇ ಆ ಕೆಲಸ ಆರಂಭವಾಗಬೇಕು.