‘ಇನ್ನು ನೀವೇ ನೋಡ್ಕೊಳ್ಳಿ’ ಅನ್ನುವುದು ಆರೈಕೆಯಲ್ಲ

ನಮ್ಮ ಆರೋಗ್ಯ ವ್ಯವಸ್ಥೆಗೆ ಬಲು ಪ್ರಿಯವಾದ ಪದವೊಂದಿದೆ: ಸ್ವ-ಆರೈಕೆ. ಕೇಳಲು ಚೆನ್ನಾಗಿದೆ. ಆದರೆ ಸಂಶೋಧನೆಗಾಗಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಸ್ಟೋಮಾ ಇರುವವರ ಮನೆಗಳಿಗೆ ಹೋಗಿಬಂದ ಮೇಲೆ, ಇದು ಕೈತೊಳೆದುಕೊಳ್ಳಲು ಕಂಡುಕೊಂಡ ಉಪಾಯವೆಂದೇ ನನಗನ್ನಿಸಿದೆ.

ಗುದನಾಳದ ಕ್ಯಾನ್ಸರ್, ಕರುಳು ತೂತಾಗುವುದು, ಅಪಘಾತ, ಹೀಗೆ ಹಲವು ಕಾರಣಗಳಿಂದ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದಿಡುತ್ತಾರೆ. ಅದೇ ಸ್ಟೋಮಾ. ಕೆಲವರಿಗೆ ಕೆಲವು ತಿಂಗಳು, ಕೆಲವರಿಗೆ ಜೀವಮಾನವಿಡೀ ಮಲ ಅಲ್ಲಿಂದಲೇ ಚೀಲಕ್ಕಿಳಿಯುತ್ತದೆ. ತಡೆಹಿಡಿಯಲು ಅಲ್ಲಿ ಸ್ನಾಯುವಿಲ್ಲ.

ಇದನ್ನು ನೋಡಿಕೊಳ್ಳುವುದು ಕಲಿತು ಬರುವ ವಿದ್ಯೆ. ಅಂಟುಬಿಲ್ಲೆಯ ರಂಧ್ರ ಸ್ಟೋಮಾಕ್ಕಿಂತ ಎರಡು-ಮೂರು ಮಿ.ಮೀ. ಮಾತ್ರ ದೊಡ್ಡದಿರಬೇಕು, ಹೆಚ್ಚಾದರೆ ಸುತ್ತಲ ಚರ್ಮ ಬೆಂದುಹೋಗುತ್ತದೆ. ಆಪರೇಷನ್ನಿನ ನಂತರ ಆರೆಂಟು ವಾರ ಸ್ಟೋಮಾ ಕುಗ್ಗುತ್ತಿರುತ್ತದೆ, ಮತ್ತೆ ಮತ್ತೆ ಅಳೆಯಬೇಕು. ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಬೇಕು. ಕೆಂಪಗೆ, ತೇವವಾಗಿದ್ದರೆ ಸರಿ. ಕಪ್ಪಾದರೆ ಆಸ್ಪತ್ರೆಗೆ ಓಡಬೇಕು. ಸಣ್ಣಕರುಳಿನ ಸ್ಟೋಮಾ ಆದರೆ ನೀರೂ ಉಪ್ಪೂ ಸೋರಿಹೋಗುತ್ತವೆ. ಇಷ್ಟನ್ನೂ ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ಹತ್ತು ನಿಮಿಷದಲ್ಲಿ ಹೇಳಿ, ‘ಇನ್ನು ನೀವೇ ನೋಡ್ಕೊಳ್ಳಿ’ ಅಂದರೆ ಆಯಿತೇ?

ಅಮೆರಿಕದ ನರ್ಸ್ ಡೊರೊಥಿಯಾ ಓರೆಮ್ 1971ರ ತಮ್ಮ ಪುಸ್ತಕದಲ್ಲಿ ಸ್ವ-ಆರೈಕೆಯ ಸಿದ್ಧಾಂತ ಮಂಡಿಸಿದಾಗ ಹೇಳಿದ್ದು ಇದರ ತದ್ವಿರುದ್ಧ: ವ್ಯಕ್ತಿಯ ಶಕ್ತಿ ಅವನ ಅಗತ್ಯಕ್ಕೆ ಸಾಲದಿರುವ ಜಾಗದಲ್ಲೇ ನರ್ಸಿಂಗ್‌ನ ಕೆಲಸ ಶುರುವಾಗುತ್ತದೆ. ಅದಕ್ಕೂ ಮುಂಚೆ, 1958ರಲ್ಲಿ, ಸ್ವತಃ ಸ್ಟೋಮಾ ಇದ್ದ ನಾರ್ಮಾ ಗಿಲ್ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಸರ್ಜನ್ ರೂಪರ್ಟ್ ಟರ್ನ್‌ಬುಲ್ ಜೊತೆ ರೋಗಿಗಳಿಗೆ ಕಲಿಸಲು ನಿಂತರು. ಕಲಿಸುವವರಿಲ್ಲದೆ ಸ್ವ-ಆರೈಕೆ ಎಲ್ಲೂ ಹುಟ್ಟಿಲ್ಲ.

ನಮ್ಮಲ್ಲಿ? ಹೊಗೆಸೊಪ್ಪಿನ ಬ್ಯಾರನ್ ಮುಂದೆ ಬೆವರಿದರೆ ಅಂಟು ಬಿಡುತ್ತದೆ. ಗದ್ದೆ ನಾಟಿಗೆ ಬಗ್ಗಿದರೆ ಚೀಲ ಮಡಚಿಕೊಳ್ಳುತ್ತದೆ. ಕೋಟೆ ಕಡೆಯ ಹಾಡಿಯಲ್ಲಿ ತೊಳೆಯಲು ನೀರನ್ನೂ ಹೊತ್ತು ತರಬೇಕು. ಇವಕ್ಕೆ ಕರಪತ್ರದಲ್ಲಿ ಉತ್ತರವಿಲ್ಲ. ಪಿರಿಯಾಪಟ್ಟಣದ ಕಡೆಯ ಹೆಂಗಸೊಬ್ಬರು, ‘ಮದ್ವೆ-ಮುಂಜಿ ಎಲ್ಗೂ ಹೋಗಕಿಲ್ಲ ಕಣವ್ವ, ವಾಸ್ನೆ ಬಂದ್ರೆ?’ ಅಂದರು. ಚೀಲ ಉಳಿಸಲು ಹೊಟ್ಟೆತುಂಬ ಉಣ್ಣುವುದನ್ನೇ ಬಿಟ್ಟಿದ್ದರು. ನಾನು ಕಂಡ ಮನೆಗಳಲ್ಲಿ ಗಂಡನ ಚೀಲವನ್ನು ಹೆಂಡತಿ ಬದಲಿಸುತ್ತಾಳೆ. ಹೆಂಡತಿಯದನ್ನು ಅವಳೇ, ಬಾಗಿಲು ಹಾಕಿಕೊಂಡು. ಸ್ವ-ಆರೈಕೆಯ ‘ಸ್ವ’ ಯಾರು ಎಂದು ಇನ್ನು ಬಿಡಿಸಿ ಹೇಳಬೇಕೆ?

ಸರ್ಕಾರದ ಲೆಕ್ಕ ನೋಡಿ. ಆಯುಷ್ಮಾನ್ ಭಾರತ್ ವಿಮೆಯಲ್ಲಿ ಬಿಡುಗಡೆಯ ನಂತರದ ಖರ್ಚಿಗೆ 15 ದಿನದ ಮಿತಿ. ಸ್ಟೋಮಾ 15 ದಿನದಲ್ಲಿ ಮುಗಿಯುವ ಬಾಬತ್ತೇ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಸ್ಟೋಮಾದ ಹೆಸರಿಲ್ಲ. ‘ಶಕ್ತಿ’ ಯೋಜನೆಯಿಂದ ಮೈಸೂರಿನ ಬಸ್ಸು ಹೆಂಗಸರಿಗೆ ಉಚಿತ, ನಿಜ. ಕಳೆದುಕೊಂಡ ದಿನಗೂಲಿಯನ್ನು ಯಾರೂ ಕೊಡುವುದಿಲ್ಲ.

‘ಇಂಥವರ ಸಂಖ್ಯೆ ಕಡಿಮೆ’ ಎನ್ನುವವರುಂಟು. ಬಾಗಿಲು ಹಾಕಿಕೊಂಡವರನ್ನು ಎಣಿಸಿದವರು ಯಾರು? ‘ನರ್ಸ್‌ಗಳಿಗೆ ಪುರುಸೊತ್ತೆಲ್ಲಿ’ ಎಂಬ ಮಾತು ನಿಜ, ವಾರ್ಡಿನ ನರ್ಸನ್ನು ನಾನು ದೂರುತ್ತಿಲ್ಲ. ಆದರೆ ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ನರ್ಸಿಂಗ್ ಓದಿದ ಸಮುದಾಯ ಆರೋಗ್ಯಾಧಿಕಾರಿಗಳು ಈಗಾಗಲೇ ಇದ್ದಾರೆ. ಬಿಪಿ, ಶುಗರ್ ನೋಡುವ ಅವರಿಗೆ ಸ್ಟೋಮಾ ಆರೈಕೆಯ ತರಬೇತಿ ಕೊಡಲು ಹೊಸ ಇಲಾಖೆಯೇನೂ ಬೇಕಿಲ್ಲ.

ಕೇಳುತ್ತಿರುವುದು ಮೂರೇ: ಆಪರೇಷನ್ನಿಗೆ ಮೊದಲೇ ಶುರುವಾಗುವ ಕಲಿಕೆ, ಮನೆಗೆ ಹೋದ ಮೇಲೆ ಬಂದು ನೋಡುವ ಒಬ್ಬ ನರ್ಸ್, ತಾಲ್ಲೂಕು ಆಸ್ಪತ್ರೆಯಲ್ಲಿ ಪುಕ್ಕಟೆ ಚೀಲ. ಇಷ್ಟು ಕೊಟ್ಟ ಮೇಲೆ ‘ನೀವೇ ನೋಡ್ಕೊಳ್ಳಿ’ ಅನ್ನಲಿ. ಅವರು ಖಂಡಿತ ನೋಡಿಕೊಳ್ಳುತ್ತಾರೆ.