ಹಿಟ್ಟಿನ ಕೈಯವರ ಪರವಾಗಿ

ಕೈ ಮುಟ್ಟಿಸದೆ, ಬರೀ ಮಾತಿನಲ್ಲೇ ಅಡುಗೆ ಹೇಳಿಕೊಡುವ ಆಪ್ ಒಂದನ್ನು ಕಲಬುರಗಿ ಕನ್ನಡದಲ್ಲಿ ಮಾಡೋಣ ಎಂದು ಬ್ರಹ್ಮಪುರದ ನಾವು ನಾಲ್ಕು ಜನ ಹೊರಟಿದ್ದೇ ತಡ, ಬುದ್ಧಿ ಹೇಳುವವರು ಸಾಲುಗಟ್ಟಿದರು. ತಮಾಷೆಯೆಂದರೆ, ಒಬ್ಬರ ತಕರಾರನ್ನು ಇನ್ನೊಬ್ಬರ ತಕರಾರೇ ಹೊಡೆದುಹಾಕುತ್ತದೆ. ಕೆಲವರಂತೂ ಆ ಕೆಲಸಕ್ಕೆ ಇನ್ನೊಬ್ಬರಿಗಾಗಿ ಕಾಯಲೂ ಇಲ್ಲ. ಎಲ್ಲರ ಮಾತನ್ನೂ ಕೇಳಿಸಿಕೊಂಡಿದ್ದೇನೆ. ಈಗ ನನ್ನ ಸರದಿ. ತೀರ್ಪು ಓದುವವರಿಗೆ ಬಿಟ್ಟದ್ದು.

ಮೊದಲನೆಯ ವಾದ ಹಿರಿಯರದು: ಅಡುಗೆ ಅಂದರೆ ಕೈಗುಣ, ಅವ್ವನ ಪಕ್ಕ ನಿಂತೇ ಕಲಿಯಬೇಕು, ಯಂತ್ರದಿಂದ ಬರುವಂಥದ್ದಲ್ಲ. ಒಪ್ಪಿದೆ. ಆದರೆ ಪಕ್ಕ ನಿಂತಾಗ ಅವ್ವ ಏನು ಮಾಡುತ್ತಿದ್ದಳು? ಕಾಗದದ ಮೇಲೆ ಬರೆದುಕೊಟ್ಟಳೇ? ಅವಳ ಕೈಯೂ ಹಿಟ್ಟಿನಲ್ಲೇ ಇತ್ತು. ಬಾಯಿ ಮಾತ್ರ ಬಿಡುವಾಗಿತ್ತು. “ಎಸರು ಕುದೀತೇನು ನೋಡು. ಹಿಟ್ಟು ಹಾಕು. ಕೈ ಸುಟ್ಕೊಬ್ಯಾಡ.” ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಪಾಕಗಳನ್ನು ಹೇಳಲು ‘ಸೂಪಶಾಸ್ತ್ರ’ ಬರೆದದ್ದು ವಾರ್ಧಕ ಷಟ್ಪದಿಯಲ್ಲಿ. ಪದ್ಯ ಕಿವಿಯಲ್ಲಿ ಕೂರುತ್ತದೆ, ಒಲೆಯ ಮುಂದೆ ಪುಟ ತಿರುವುವ ಕೆಲಸ ಉಳಿಸುತ್ತದೆ. ಹಾಗಾಗಿ ಪರಂಪರೆಯ ಹೆಸರಿನಲ್ಲಿ ಮಾತಿನ ಅಡುಗೆಯನ್ನು ಬೇಡವೆನ್ನುವವರು ಯಾವ ಪರಂಪರೆಯನ್ನು ಕಾಯುತ್ತಿದ್ದಾರೆ ಎಂಬುದು ನನಗೆ ತಿಳಿದಿಲ್ಲ. ಬೆಂಗಳೂರಿನ ಬಾಡಿಗೆ ಕೋಣೆಯಿಂದ ರಾತ್ರಿ ಒಂಬತ್ತಕ್ಕೆ ಮನೆಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಅವ್ವ ಹೇಳಿದಂತೆ ಬ್ಯಾಳಿಗೆ ಒಗ್ಗರಣೆ ಕೊಡುವ ಹುಡುಗರನ್ನು ಇವರೂ ಬಲ್ಲರು. ಅದಕ್ಕೆ ಯಾರ ತಕರಾರೂ ಇಲ್ಲ. ಅವ್ವ ಮಲಗಿದ ಮೇಲೆ ಆ ಹುಡುಗ ಯಾರನ್ನು ಕೇಳಬೇಕು ಎಂಬುದಷ್ಟೇ ನಮ್ಮ ಪ್ರಶ್ನೆ.

ಎರಡನೆಯವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: “ಯೂಟ್ಯೂಬ್ ಅದಲ್ರೀ.” ಇದೆ. ಇವರು ಒಮ್ಮೆ ಜೋಳದ ರೊಟ್ಟಿ ಬಡಿಯುತ್ತಾ ಯೂಟ್ಯೂಬ್ ನೋಡಲಿ. ಗೋಧಿಯಲ್ಲಿರುವ ಜಿಗುಟು ಜೋಳದಲ್ಲಿಲ್ಲ; ಕುದಿಯುವ ನೀರು ಹಾಕಿ, ಬಿಸಿ ಆರುವ ಮುಂಚೆಯೇ ನಾದಿ, ಕೂಡಲೇ ಬಡಿಯಬೇಕು. ತಡವಾದರೆ ಅಂಚು ಬಿರಿಯುತ್ತದೆ. ಬೆರಳ ಸಂದಿಯಲ್ಲೆಲ್ಲ ಹಿಟ್ಟು. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕುವಷ್ಟರಲ್ಲಿ ಮುಂದಿನ ಉಂಡೆ ಕೈಯಲ್ಲಿರಬೇಕು. ಅಷ್ಟರಲ್ಲಿ ವಿಡಿಯೋ ಮೂರು ಹೆಜ್ಜೆ ಮುಂದೆ ಓಡಿರುತ್ತದೆ. ಹಿಂದಕ್ಕೆ ಎಳೆಯಲು ಮೊಣಕೈ, ಮೂಗಿನ ತುದಿ ಎರಡನ್ನೂ ಬಳಸಿದವರನ್ನು ನೋಡಿದ್ದೇನೆ. ಫೋನಿನ ಗಾಜು ಬೆರಳನ್ನು ಗುರುತಿಸುವುದು ವಿದ್ಯುತ್ತಿನ ಸೂಕ್ಷ್ಮ ಬದಲಾವಣೆಯಿಂದ. ನೀರು ಬಿದ್ದರೆ ಅದಕ್ಕೆ ಬೆರಳೂ ಹನಿಯೂ ಒಂದೇ. ರೊಟ್ಟಿ ಎಷ್ಟು ತೆಳ್ಳಗಾಗಬೇಕು ಎಂದು ತೋರಿಸುವುದರಲ್ಲಿ ವಿಡಿಯೋ ಗೆಲ್ಲುತ್ತದೆ, ಅದನ್ನು ಒಪ್ಪುತ್ತೇನೆ. ಮುಂಚೆಯೇ ಒಮ್ಮೆ ನೋಡಿಕೊಳ್ಳಲಿ. ಒಲೆ ಹೊತ್ತಿಸಿದ ಮೇಲೆ ಖಾಲಿ ಇರುವುದು ಕಿವಿ ಮಾತ್ರ.

ಮೂರನೆಯದು ತಿಳಿದವರ ವಾದ: ಅಡುಗೆಮನೆಯ ಗದ್ದಲದಲ್ಲಿ ಮೈಕಿಗೆ ಏನೂ ಕೇಳಿಸದು, ಮಿಕ್ಸರ್, ಕುಕ್ಕರಿನ ಸೀಟಿ, ಹೊರಗೆ ಟಿವಿ. ಮಿಕ್ಸರಿನ ವಿಷಯದಲ್ಲಿ ಅವರು ಸರಿ. ಅದು ತಿರುಗುವಾಗ ಮನೆಯವರಿಗೇ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ, ಎಲ್ಲರೂ ನಿಲ್ಲುವವರೆಗೆ ಕಾಯುತ್ತಾರೆ. ಆಪ್ ಕೂಡ ಕಾಯಲಿ. ಸೀಟಿಯದು ಬೇರೆ ಮಾತು. ಅದು ಗದ್ದಲವಲ್ಲ, ಸುದ್ದಿ. ನಮ್ಮ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು, ಆದರೆ ಯಾವ ಮನೆಯಲ್ಲೂ ಬ್ಯಾಳಿಯನ್ನು ನಿಮಿಷದ ಲೆಕ್ಕದಲ್ಲಿ ಬೇಯಿಸುವುದಿಲ್ಲ. ಹೊಸದಾದರೆ ಇಷ್ಟು ಸೀಟಿ, ಹಳೆಯದಾದರೆ ಇನ್ನೆರಡು. ಆ ಚೂಪು ಸದ್ದನ್ನು ಎಣಿಸುವುದು ಫೋನಿಗೆ ಮನುಷ್ಯರ ಮಾತು ತಿಳಿಯುವುದಕ್ಕಿಂತ ಎಷ್ಟೋ ಸುಲಭ. ಇವರು ಅಡ್ಡಿಯೆಂದು ತೋರಿಸಿದ್ದೇ ನಮಗೆ ಗಡಿಯಾರವಾಯಿತು.

ಇನ್ನು ಭಾಷೆ. ಇದರಲ್ಲಿ ನನಗೆ ಸ್ವಲ್ಪ ಸಿಟ್ಟೂ ಇದೆ. “ಕಲಬುರಗಿ ಮಾತು ಯಂತ್ರಕ್ಕೆ ತಿಳಿಯದು, ಜನ ಶುದ್ಧ ಕನ್ನಡದಲ್ಲಿ ಕೇಳಲಿ” ಎನ್ನುತ್ತಾರೆ. ಉಳ್ಳಾಗಡ್ಡಿ ಹೆಚ್ಚುತ್ತಿರುವವಳು ಆಪಿಗಾಗಿ “ಈರುಳ್ಳಿ” ಎನ್ನಬೇಕು, ಬಳ್ಳೊಳ್ಳಿ ಜಜ್ಜುತ್ತಾ “ಬೆಳ್ಳುಳ್ಳಿ” ಎನ್ನಬೇಕು. ಅಂದರೆ ಅಡುಗೆ ಕಲಿಯುವ ಮೊದಲು ಉಚ್ಚಾರ ಕಲಿಯಬೇಕು. ಇದೇ ಮಹನೀಯರು ನವೆಂಬರ್ 1ರಂದು ನಮ್ಮ ಭಾಗದ ಮಾತಿನ ಸೊಗಡಿನ ಬಗ್ಗೆ ಭಾಷಣ ಮಾಡುತ್ತಾರೆ. ಸೊಗಡು ವೇದಿಕೆಗೆ, ಶುದ್ಧ ಅಡುಗೆಮನೆಗೆ! ಗೂಗಲ್ ತನ್ನ ಸ್ಪೀಕರಿನಲ್ಲಿ ಹಂತಹಂತವಾಗಿ ಪಾಕ ಓದಿಸಲು ಶುರುಮಾಡಿದ್ದು 2017ರಲ್ಲಿ, ಇಂಗ್ಲಿಷಿನಲ್ಲಿ. ಅದೇ ವರ್ಷ ಅದರ ಧ್ವನಿ ಟೈಪಿಂಗಿಗೆ ಕನ್ನಡವೂ ಸೇರಿತು. ಅಂದರೆ ದಾರಿ ಮುಚ್ಚಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಮಾತನ್ನು, ಅವುಗಳ ಉಪಭಾಷೆಗಳ ಸಮೇತ, ಕೃಷಿ ಮತ್ತು ಹಣಕಾಸಿಗಾಗಿ ದಾಖಲಿಸುವ ಕೆಲಸ ನಡೆದಿದೆ. ಹೊಲಕ್ಕೂ ಬ್ಯಾಂಕಿಗೂ ಸಲ್ಲುವ ಮಾತು ಒಲೆಯ ಮುಂದೆ ಬಂದಕೂಡಲೇ ಅಶುದ್ಧವಾಗುತ್ತದೆಯೇ? ಅಷ್ಟಕ್ಕೂ ನಾವು ಯಂತ್ರಕ್ಕೆ ಇಡೀ ಕಲಬುರಗಿಯ ಹರಟೆ ಕಲಿಸಲು ಹೊರಟಿಲ್ಲ. ರೊಟ್ಟಿ ಬಡಿಯುವವಳು ಕೇಳುವುದು ಹತ್ತು ಹನ್ನೆರಡು ಮಾತು: “ಮುಂದ”, “ಇನ್ನೊಮ್ಮಿ ಹೇಳು”, “ತಡಿ”, “ಎಷ್ಟ ಹಾಕ್ಲಿ”. ಇಷ್ಟನ್ನು ಬ್ರಹ್ಮಪುರದ ಅಜ್ಜಿಯ ಬಾಯಲ್ಲೂ, ದರ್ಗಾದ ಕಡೆಯ ದಖನಿ ಬೆರೆತ ಬಾಯಲ್ಲೂ, ಕಮಲಾಪುರದ ಕಾಲೇಜು ಹುಡುಗನ ಬಾಯಲ್ಲೂ ಗುರುತಿಸಿದರೆ ಸಾಕು.

ಐದನೆಯವರು ಒಂದೇ ಉಸಿರಿಗೆ ಎರಡು ಮಾತಾಡಿದರು: ನಮ್ಮ ಹೆಣ್ಮಕ್ಕಳಿಗೆ ಅಡುಗೆ ಬರುತ್ತದೆ, ಆಪ್ ಬೇಡ, ಮತ್ತು ನಮ್ಮ ಹೆಣ್ಮಕ್ಕಳಿಗೆ ಫೋನ್ ಬಳಸಲು ಬರುವುದಿಲ್ಲ. ಎರಡನೆಯದು ನಿಜವಾದರೆ ಮುಟ್ಟದೆ ಮಾತಿಗೆ ನಡೆಯುವ ಫೋನೇ ಅವರಿಗೆ ಬೇಕಾದದ್ದು. ಮೊದಲನೆಯದು ನಿಜವಾದರೆ ಅಡುಗೆ ಬಾರದವರು ಮನೆಯಲ್ಲಿ ಯಾರು ಎಂದು ಹೇಳುವ ಕಷ್ಟ ನನಗೆ ಬೇಡ. ಅವರು ಕನ್ನಡಿ ನೋಡಿಕೊಂಡರೆ ಸಾಕು.

ಗಟ್ಟಿ ಆಕ್ಷೇಪ ಒಂದಿದೆ: ಸದಾ ಕಿವಿ ತೆರೆದಿರುವ ಫೋನು ಮನೆಯ ಜಗಳವನ್ನೆಲ್ಲ ಕಂಪನಿಗೆ ಕೇಳಿಸುತ್ತದೆ. ಹೀಗೆ ಹೇಳಿದವರು ಮಗನ ಮದುವೆಯ ಲೆಕ್ಕವನ್ನೆಲ್ಲ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಅದು ಉತ್ತರವಲ್ಲ, ಬರೀ ಕುಟುಕು. ಉತ್ತರ ಹೀಗಿದೆ: ಅಷ್ಟು ಕಡಿಮೆ ಮಾತಾದರೆ ಗುರುತಿಸುವ ಕೆಲಸ ಫೋನಿನೊಳಗೇ, ಇಂಟರ್‌ನೆಟ್ ಇಲ್ಲದೆ ಮುಗಿಯುತ್ತದೆ. ಪಾಕ ತೆರೆದಿದ್ದಾಗ ಮಾತ್ರ ಮೈಕು ತೆರೆದಿರಬೇಕು, ಮುಚ್ಚಿದಾಗ ಮುಚ್ಚಬೇಕು. ಇಷ್ಟು ಮಾಡದಿದ್ದರೆ ಈ ಆಪನ್ನು ನಾನೇ ಅಳಿಸುತ್ತೇನೆ.

ಇಷ್ಟಕ್ಕೆಲ್ಲ ನನ್ನಲ್ಲಿ ಉತ್ತರವಿತ್ತು. ಉತ್ತರವಿಲ್ಲದೆ ನಿಂತದ್ದು ನಮ್ಮ ಓಣಿಯ ಒಬ್ಬ ಕಾಕಿಯ ಮುಂದೆ. ಮೊದಲ ಪರೀಕ್ಷೆಗೆ ಅವರ ಮನೆಗೇ ಹೋಗಿದ್ದೆವು. ಪುಂಡಿಪಲ್ಯ ಒಲೆಯ ಮೇಲಿತ್ತು. ಕೈತುಂಬ ಬಳ್ಳೊಳ್ಳಿ ಸಿಪ್ಪೆ ಅಂಟಿಸಿಕೊಂಡು ಫೋನಿನ ಕಡೆ ತಿರುಗಿ ಕೇಳಿದರು: “ಉಪ್ಪು ಎಷ್ಟ ಹಾಕ್ಲಿ?” ಆಪ್ ಅವರ ಮಾತು ಒಂದೇ ಸಲಕ್ಕೆ ಹಿಡಿಯಿತು. ನಾವು ಚಪ್ಪಾಳೆ ತಟ್ಟುವುದರಲ್ಲಿದ್ದೆವು. “ರುಚಿಗೆ ತಕ್ಕಷ್ಟು,” ಎಂದಿತು.

ಕಾಕಿ ಸೌಟು ಹಿಡಿದೇ ನನ್ನತ್ತ ತಿರುಗಿದರು. “ಅದು ನನಗ ಗೊತ್ತದಪಾ. ಮತ್ತ ಇದನ್ಯಾಕ ಕೇಳ್ಬೇಕು?”