ನಿದ್ದೆಗೆಟ್ಟು ಓಡುವುದು ಸಾಹಸವೇ?

ಬೆಳಗಿನ ಐದು ಗಂಟೆಗೆ ಹಂಪಿ ಬಜಾರ್‌ಗೆ ಬಂದರೆ ಅಲ್ಲಿ ಪ್ರವಾಸಿಗರು ಇರುವುದಿಲ್ಲ, ನಾವಿರುತ್ತೇವೆ. ಕಮಲಾಪುರ, ಕಡ್ಡಿರಾಂಪುರ, ಹೊಸಪೇಟೆ ಕಡೆಯ ಹತ್ತು ಹನ್ನೆರಡು ಹುಡುಗರು, ಒಮ್ಮೊಮ್ಮೆ ಮೂರು ಜನ ಹುಡುಗಿಯರು. ವಿರೂಪಾಕ್ಷನ ಗೋಪುರದಿಂದ ಎದುರು ಬಸವಣ್ಣನವರೆಗೆ ಹೆಚ್ಚುಕಡಿಮೆ ಮುಕ್ಕಾಲು ಕಿಲೋಮೀಟರ್. ಹೋಗಿ ಬಂದು ಮೇಲೊಂದಿಷ್ಟು ಓಡಿದರೆ ಕಾನ್‌ಸ್ಟೆಬಲ್ ನೇಮಕಾತಿಯ 1600 ಮೀಟರ್ ಆಯಿತು. ಪುರುಷ ಅಭ್ಯರ್ಥಿಗಳಿಗೆ ಅದನ್ನು ಮುಗಿಸಲು ಇರುವುದು 6 ನಿಮಿಷ 30 ಸೆಕೆಂಡ್. ದೇವಸ್ಥಾನದ ಆನೆ ಲಕ್ಷ್ಮಿ ಸ್ನಾನಕ್ಕೆಂದು ಹೊಳೆಗೆ ಹೊರಡುವಷ್ಟರಲ್ಲಿ ನಮ್ಮ ಓಟ ಮುಗಿದಿರಬೇಕು. ಆಮೇಲೆ ಬಿಸಿಲಿನ ಕಾರುಬಾರು. ಈ ಊರಿನ ಬಂಡೆಗಳು ಹಗಲು ಕುಡಿದ ಬಿಸಿಯನ್ನು ರಾತ್ರಿಯೂ ಪೂರ್ತಿ ಬಿಟ್ಟುಕೊಡುವುದಿಲ್ಲ. ನಂಬಿಕೆ ಇಲ್ಲದವರು ಏಪ್ರಿಲ್‌ನಲ್ಲಿ ರಾತ್ರಿ ಊಟ ಮುಗಿಸಿ ಬಂದು ಯಾವುದಾದರೂ ಕಲ್ಲುಕಂಬಕ್ಕೆ ಬೆನ್ನು ಕೊಟ್ಟು ನೋಡಬಹುದು.

ಓಟಕ್ಕೆ ಮುಂಚೆ ಶೂ ಲೇಸ್ ಬಿಗಿಯುತ್ತ ನಮ್ಮಲ್ಲಿ ಒಂದು ಮಾತುಕತೆ ನಡೆಯುತ್ತದೆ. 'ನಿನ್ನೆ ಎಷ್ಟಕ್ಕೆ ಮಲಗಿದಿ?' 'ಎರಡಕ್ಕೆ.' 'ನಾನು ಮಲಗೇ ಇಲ್ಲ ಬಿಡು.' ಕಡಿಮೆ ಮಲಗಿದವನೇ ಅಲ್ಲಿ ಗೆದ್ದ ಹಾಗೆ. ಈ ಪೈಪೋಟಿಯಲ್ಲಿ ಬಹಳ ದಿನ ನಾನೇ ಮೊದಲಿಗನಾಗಿದ್ದೆ. ಹೊಸಪೇಟೆಯ ಒಂದು ಲಾಡ್ಜ್‌ನಲ್ಲಿ ನನಗೆ ರಾತ್ರಿ ಪಾಳಿ. ಬೇರೆಯವರು ಮಲಗಲು ಕೀ ಕೊಡುವುದು ನನ್ನ ಕೆಲಸ.

ಹೀಗಿರುವಾಗ ಪಕ್ಕದ ಜಿಲ್ಲೆಯಲ್ಲೊಂದು ಮ್ಯಾರಥಾನ್ ಎಂದು ಗೊತ್ತಾಯಿತು. ಪೂರ್ತಿ 42.195 ಕಿ.ಮೀ., ಮೊದಲ ಹತ್ತು ಜನಕ್ಕೆ ನಗದು ಬಹುಮಾನ. ಅದಕ್ಕೆ ಮುಂಚೆ ನಾನು ಓಡಿದ್ದ ಅತಿ ಉದ್ದದ ಓಟ 24 ಕಿ.ಮೀ. ಆದರೂ ಹೆಸರು ಕೊಟ್ಟೆ. ಹಿಂದಿನ ದಿನ ರಜೆ ಸಿಗಲಿಲ್ಲ. ರಾತ್ರಿ ಹನ್ನೊಂದರವರೆಗೆ ಕೆಲಸ ಮಾಡಿ, ಬಸ್ ಹಿಡಿದು, ಮುಂದಿನ ಸೀಟಿನ ಕಂಬಿಗೆ ಹಣೆ ಹಚ್ಚಿ ಒಂದೂವರೆ ತಾಸು ಕಣ್ಣು ಮುಚ್ಚಿದೆ. ಅದನ್ನು ನಿದ್ದೆ ಎಂದು ಕರೆಯುವುದು ನಿದ್ದೆಗೆ ಅವಮಾನ. ಓಟ ಶುರುವಾಗಬೇಕಿದ್ದದ್ದು ಐದೂವರೆಗೆ. ಅತಿಥಿಗಳು ಬಂದು, ಮಾಲೆ ಹಾಕಿಸಿಕೊಂಡು, ಆರೋಗ್ಯದ ಮಹತ್ವದ ಬಗ್ಗೆ ಮಾತಾಡಿ ಹಸಿರು ಬಾವುಟ ತೋರಿಸುವಷ್ಟರಲ್ಲಿ ಏಳೂ ಮುಕ್ಕಾಲು.

ಮೊದಲ 20 ಕಿ.ಮೀ. ಹಾಯಾಗಿಯೇ ಹೋಯಿತು. ನನ್ನ ಈ ಲೇಖನ ಓದುವವರು ಇದನ್ನು ಗಮನಿಸಬೇಕು. ಒಂದು ರಾತ್ರಿ ನಿದ್ದೆ ಇಲ್ಲದಿದ್ದರೆ ಕಾಲಿನ ಬಲ ಥಟ್ಟನೆ ಇಳಿಯುವುದಿಲ್ಲ. ಅದಕ್ಕೇ ನಾವು ಮೋಸಹೋಗುವುದು. ಕಾಲಿಗಿಂತ ಮೊದಲು ಮಂಕಾಗುವುದು ತಲೆ. ಅದೇ ವೇಗ ಇನ್ನಷ್ಟು ಕಷ್ಟ ಅನ್ನಿಸುತ್ತದೆ. ಎಲ್ಲಿ ನಿಧಾನ ಮಾಡಬೇಕು, ಎಲ್ಲಿ ನಿಲ್ಲಬೇಕು ಎಂಬ ಲೆಕ್ಕ ತಪ್ಪುತ್ತದೆ. 28ರ ಹತ್ತಿರ ಅದಿರು ಲಾರಿಗಳು ಓಡಾಡುವ ರಸ್ತೆ ಬಂತು. ಕೆಂಪು ದೂಳು ಬೆವರಿಗೆ ಮೆತ್ತಿಕೊಂಡು ಕೈ ಮೇಲೆ ಕೆಸರಾಯಿತು. ಸಂಡೂರಿನ ಕಡೆಯವರಿಗೆ ಆ ದೂಳಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೀರಿನ ಟೇಬಲ್ ಇದ್ದ ಕಡೆ ಟೇಬಲ್ ಮಾತ್ರ ಇತ್ತು. ಮೊಣಕಾಲು ನೋಯುತ್ತಿತ್ತೆಂದು ಜೇಬಿನಲ್ಲಿದ್ದ ನೋವಿನ ಮಾತ್ರೆಯನ್ನು ಎಂಜಲಲ್ಲೇ ನುಂಗಿದೆ. 33ರಲ್ಲಿ, ಅಂಥ ಬಿಸಿಲಿನಲ್ಲಿ, ಮೈ ಮೇಲೆ ಚಳಿಗುಳ್ಳೆ ಎದ್ದವು. ರಸ್ತೆಯ ಬಿಳಿ ಗೆರೆ ಎರಡಾಗಿ ಕಂಡಿತು. ಎಡಕ್ಕೆ ತಿರುಗಬೇಕಾದಲ್ಲಿ ನೇರ ಹೋದೆ. ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದ್ದ ಒಬ್ಬ ಅಜ್ಜಿ ನನ್ನ ಟೀಶರ್ಟ್ ಹಿಡಿದು ಎಳೆದು ಕೂಡ್ರಿಸಿದಳು. 'ಯಪ್ಪಾ, ಯಾರು ಅಟ್ಟಿಸ್ಕೊಂಡು ಬಂದಾರಂತ ಹಿಂಗ ಓಡಾಕತ್ತಿ?' ಕೊಡದಲ್ಲಿದ್ದ ನೀರನ್ನು ತಲೆ ಮೇಲೆ ಸುರಿದಳು, ಉಪ್ಪು ಹಾಕಿದ ಮಜ್ಜಿಗೆ ಕೊಟ್ಟಳು. ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಧ ತಾಸು ಕುಳಿತು, ಉಳಿದದ್ದನ್ನು ನಡೆದು ಮುಗಿಸಿದೆ.

ಕೊರಳಲ್ಲಿ ಪದಕ ಹಾಕಿಕೊಂಡ ಫೋಟೊಗೆ 'ಒಂದೂವರೆ ತಾಸು ನಿದ್ದೆ, 42 ಕಿ.ಮೀ. ಓಟ' ಎಂದು ಬರೆದು ಸ್ಟೇಟಸ್ ಹಾಕಿದೆ. ಅಷ್ಟು ಮೆಚ್ಚುಗೆ ನನಗೆ ಪಿಯುಸಿ ಪಾಸಾದಾಗಲೂ ಬಂದಿರಲಿಲ್ಲ. 'ಗಂಡೆದೆ', 'ಛಲ ಅಂದ್ರೆ ಇದು'. ಆ ರಾತ್ರಿ ಮೂತ್ರ ಕೋಲಾ ಬಣ್ಣದಲ್ಲಿ ಬಂತು. ಮಾರನೆಯ ದಿನವೂ ಹಾಗೇ. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ನಿಧಾನವಾಗಿ ತಿಳಿಸಿ ಹೇಳಿದರು. ಮಿತಿ ಮೀರಿ ದುಡಿದ ಸ್ನಾಯು ಒಡೆದು ಅದರೊಳಗಿನದು ರಕ್ತಕ್ಕೆ ಸೇರುತ್ತದೆ, ಅದನ್ನು ಸೋಸುವ ಮೂತ್ರಪಿಂಡಕ್ಕೆ ನೀರೇ ಸಿಗದಿದ್ದರೆ ಅದು ಕೆಡಬಹುದು, ಮೇಲೆ ನೋವಿನ ಮಾತ್ರೆ ಬಿದ್ದರೆ ಇನ್ನೂ ಕಷ್ಟ. ಮೂರು ದಿನ ಸಲೈನ್ ಹಾಕಿಸಿಕೊಂಡೆ. ಆ ಸ್ಟೇಟಸ್ ಮಾತ್ರ ಯಾರೂ ನೋಡಲಿಲ್ಲ, ಏಕೆಂದರೆ ನಾನು ಹಾಕಲಿಲ್ಲ.

ನನ್ನ ತಪ್ಪು ನನಗೆ ಗೊತ್ತು. ನಾನು ಇಲ್ಲಿ ಕೇಳಬೇಕೆಂದಿರುವುದು ಬೇರೆ. ನಿದ್ದೆ ಇಲ್ಲದ್ದು, ನೀರು ಇಲ್ಲದ್ದು, ತಡವಾಗಿ ಶುರುವಾದದ್ದು, ಇವೆಲ್ಲ ಕೊರತೆಗಳು. ಅವನ್ನು ನಾವು ಯಾವಾಗಿನಿಂದ ಸಾಹಸದ ಲೆಕ್ಕಕ್ಕೆ ಹಾಕಲು ಶುರು ಮಾಡಿದೆವು?

1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಒಲಿಂಪಿಕ್ಸ್ ನಡೆದಾಗ ಮ್ಯಾರಥಾನ್ ಶುರು ಮಾಡಿದ್ದು ಮಧ್ಯಾಹ್ನ ಮೂರು ಗಂಟೆಗೆ, 32 ಡಿಗ್ರಿ ಬಿಸಿಲಿನಲ್ಲಿ, ದೂಳಿನ ರಸ್ತೆಯಲ್ಲಿ. ನೀರು ಕುಡಿಯದೆ ಓಡಿದರೆ ದೇಹ ಏನಾಗುತ್ತದೆ ನೋಡೋಣ ಎಂಬ ಕುತೂಹಲ ಸಂಘಟಕ ಜೇಮ್ಸ್ ಸಲಿವನ್‌ಗೆ. ಹೊರಟವರು 32 ಮಂದಿ, ಮುಗಿಸಿದವರು 14. ಗೆದ್ದ ಥಾಮಸ್ ಹಿಕ್ಸ್‌ಗೆ ದಾರಿಯುದ್ದಕ್ಕೂ ಬ್ರಾಂದಿ, ಮೊಟ್ಟೆಯ ಬಿಳಿಯ ಜೊತೆ ಸ್ಟ್ರಿಕ್ನಿನ್ ಎಂಬ ವಿಷವನ್ನು ಉತ್ತೇಜಕವೆಂದು ಕೊಡುತ್ತ ಕರೆತಂದರು. ಇದನ್ನು ಓದಿದಾಗ ನನಗೆ ನಗು ಬಂದಿತ್ತು. 120 ವರ್ಷದ ಹಿಂದಿನ ಪೆದ್ದುತನ ಅಂದುಕೊಂಡೆ.

ಆದರೆ ಸರಿಯಾಗಿ 120 ವರ್ಷದ ನಂತರ, 2024ರ ಆಗಸ್ಟ್ ಕೊನೆಯಲ್ಲಿ, ಜಾರ್ಖಂಡ್‌ನಲ್ಲಿ ಅಬಕಾರಿ ಕಾನ್‌ಸ್ಟೆಬಲ್ ಹುದ್ದೆಗಳ ದೈಹಿಕ ಪರೀಕ್ಷೆ ನಡೆಯಿತು. ಗಂಡುಮಕ್ಕಳು 60 ನಿಮಿಷದಲ್ಲಿ 10 ಕಿ.ಮೀ. ಓಡಬೇಕಿತ್ತು. ಮಧ್ಯರಾತ್ರಿಯಿಂದಲೇ ಸಾಲಿನಲ್ಲಿ ಕಾದು, ಬಿಸಿಲೇರಿದ ಮೇಲೆ ಓಡಬೇಕಾಯಿತು ಎಂದು ಅಭ್ಯರ್ಥಿಗಳು ದೂರಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಕೆಲವೇ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಉತ್ತೇಜಕ ಔಷಧ ತೆಗೆದುಕೊಂಡಿದ್ದರೇನೋ ಎಂಬ ಅನುಮಾನದ ಮಾತೂ ಬಂತು. ಸಾವುಗಳಾದ ಮೇಲೆ ಸರ್ಕಾರ ಪರೀಕ್ಷೆಯನ್ನು ಕೆಲವು ದಿನ ನಿಲ್ಲಿಸಿ, ಬೆಳಿಗ್ಗೆ 9ರ ನಂತರ ಓಟ ಬೇಡ ಎಂದಿತು. ಆ ಗಡಿಯಾರ ಮೊದಲ ದಿನವೂ ಮೈದಾನದಲ್ಲಿ ಇತ್ತಲ್ಲ?

ಸತ್ತವರೆಲ್ಲ ನಮ್ಮ ವಯಸ್ಸಿನವರು. ನಾನು ಆ ಸುದ್ದಿಯನ್ನು ಲಾಡ್ಜ್‌ನ ಕೌಂಟರಿನಲ್ಲಿ ಕುಳಿತು ಓದಿದೆ. ಅವರಲ್ಲಿ ಯಾರಿಗಾದರೂ ರಾತ್ರಿಯಿಡೀ ಕಾಯುವುದು ಇಷ್ಟವಿತ್ತೇ? ದೂರದ ಊರಿನಿಂದ ಬಂದವನಿಗೆ ರೂಮಿಗೆ ದುಡ್ಡಿಲ್ಲ, ಹಿಂದಿನ ದಿನ ಬರಲು ಕೂಲಿ ತಪ್ಪುತ್ತದೆ, ಬೆಳಗಿನ ಹೊತ್ತಿಗೆ ಬಸ್ಸಿಲ್ಲ. ಹಾಗಾಗಿ ಅವನು ಬಸ್ ನಿಲ್ದಾಣದ ಬೆಂಚಿನ ಮೇಲೋ, ರೈಲಿನ ಜನರಲ್ ಬೋಗಿಯ ಬಾಗಿಲಲ್ಲೋ ರಾತ್ರಿ ಕಳೆಯುತ್ತಾನೆ. ಊರಿನಲ್ಲೇ ಮನೆಯಿರುವವನು ಮಲಗಿ, ತಿಂದು, ಅಪ್ಪನ ಬೈಕಿನಲ್ಲಿ ಬಂದು ಇಳಿಯುತ್ತಾನೆ. ಇಬ್ಬರಿಗೂ ಒಂದೇ ಸ್ಟಾಪ್‌ವಾಚ್. ಅಲ್ಲಿ ಅಳೆಯುವುದು ಓಟವನ್ನೋ, ಹಿಂದಿನ ರಾತ್ರಿ ಎಲ್ಲಿ ಕಳೆಯಿತು ಎನ್ನುವುದನ್ನೋ?

ಬಡತನದಲ್ಲಿ ಇದೆಲ್ಲ ಅನಿವಾರ್ಯ ಎನ್ನುವವರಿಗೆ ಬೆಳಗಾವಿಯ ಫಡೆಪ್ಪ ಚೌಗುಲೆ ಅವರ ಕತೆ ಹೇಳಬೇಕು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿದ ನಮ್ಮ ನೆಲದ ಓಟಗಾರ. ಪುಣೆಯ ಡೆಕ್ಕನ್ ಜಿಮ್ಖಾನಾ ಕ್ರೀಡಾಕೂಟದಲ್ಲಿ ಬರಿಗಾಲಿನಲ್ಲಿ ದೂರ ಓಡುತ್ತಿದ್ದ ಹಳ್ಳಿಯ ಹುಡುಗರನ್ನು ಕಂಡು, ಇವರನ್ನು ಒಲಿಂಪಿಕ್ಸ್‌ಗೆ ಕಳಿಸಬೇಕೆಂದು ಮುಂದೆ ಬಂದವರು ದೊರಾಬ್ಜಿ ಟಾಟಾ. ತಂಡವನ್ನು ಹಡಗಿನಲ್ಲಿ ಮೊದಲು ಇಂಗ್ಲೆಂಡಿಗೆ ಕಳಿಸಲಾಯಿತು. ಆ ಹವೆ, ಆ ಊಟ, ಆ ನೆಲ ಮೈಗೆ ಒಗ್ಗಲಿ ಎಂದು ಅಲ್ಲಿ ಕೆಲವು ವಾರ ತಯಾರಿ. ಆಗಸ್ಟ್ 22ರಂದು ಮಳೆಯಲ್ಲಿ ನಡೆದ ಆ ಓಟ 42.75 ಕಿ.ಮೀ. ಉದ್ದವಿತ್ತು, ಒಲಿಂಪಿಕ್ಸ್‌ನ ಬೇರಾವ ಮ್ಯಾರಥಾನೂ ಅಷ್ಟು ಉದ್ದ ಇರಲಿಲ್ಲ. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡ್‌ಗಳಲ್ಲಿ ಮುಗಿಸಿ 19ನೆಯವರಾದರು. ಚಳಿ ಮಳೆ ಕಷ್ಟವೇ, ದೂರ ಕಷ್ಟವೇ. ಅದು ಓಟದ ಕಷ್ಟ. ಅದರ ಮೇಲೆ ನಿದ್ದೆಗೆಡಿಸುವ ಕಷ್ಟವನ್ನು ಅವರಿಗೆ ಯಾರೂ ಹೊರಿಸಲಿಲ್ಲ. ನೂರು ವರ್ಷದ ಹಿಂದೆ, ಪರದೇಶದಲ್ಲಿ, ಹಳ್ಳಿಯ ಓಟಗಾರನಿಗೆ ಮೈ ಒಗ್ಗಲು ವಾರಗಳ ಕಾಲ ಸಿಕ್ಕಿತು. ನಮಗೆ ಒಂದು ರಾತ್ರಿ ಸಿಗುವುದಿಲ್ಲ.

ಲೋಕ ಬಿಸಿಲನ್ನು ಗಂಭೀರವಾಗಿ ತೆಗೆದುಕೊಳ್ಳತೊಡಗಿದೆ. 2019ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನ ಮಹಿಳಾ ಮ್ಯಾರಥಾನನ್ನು ನಡುರಾತ್ರಿ ಓಡಿಸಿದರು. ಆಗಲೂ ಸೆಕೆ ತಡೆಯಲಾಗದೆ 68 ಮಂದಿಯಲ್ಲಿ 28 ಮಂದಿ ಅರ್ಧಕ್ಕೇ ಬಿಟ್ಟರು. ಟೋಕಿಯೊ ಒಲಿಂಪಿಕ್ಸ್‌ನಲ್ಲಂತೂ ಬಿಸಿಲಿಗೆ ಹೆದರಿ ಮ್ಯಾರಥಾನನ್ನೇ ಉತ್ತರದ ಸಪ್ಪೊರೊಗೆ ಸಾಗಿಸಿದರು, ಮಹಿಳೆಯರ ಓಟವನ್ನು ಕೊನೆಯ ಗಳಿಗೆಯಲ್ಲಿ ಇನ್ನೂ ಒಂದು ಗಂಟೆ ಮುಂಚಿತಗೊಳಿಸಿದರು. ಅಷ್ಟು ದೂರ ಯಾಕೆ? ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ದಿನಚರಿ ಬರೆದಿದ್ದಾನೆ. ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ಬೀಸಿ, ಕುಸ್ತಿ ಆಡಿ, ಕುದುರೆ ಓಡಿಸಿ, ಇಷ್ಟನ್ನೂ ಬೆಳಕು ಹರಿಯುವುದರೊಳಗೆ ಮುಗಿಸುತ್ತಿದ್ದನಂತೆ. ಇಡೀ ಸಾಮ್ರಾಜ್ಯ ಕೈಯಲ್ಲಿದ್ದವನು ಈ ಊರಿನ ಸೂರ್ಯನ ಜೊತೆ ಪಂದ್ಯ ಕಟ್ಟಲಿಲ್ಲ. ಬಾವುಟ ತೋರಿಸಲು ಏಳೂ ಮುಕ್ಕಾಲಿಗೆ ಬರುವವರು ಇದನ್ನೊಮ್ಮೆ ಓದಬೇಕು.

ಓಟ ಏರ್ಪಡಿಸುವವರಿಗೆ, ನೇಮಕಾತಿ ನಡೆಸುವವರಿಗೆ ನಾವು ಕೇಳುವುದು ದೊಡ್ಡದೇನಲ್ಲ. ಬೇರೆ ಊರಿನವರಿಗೆ ಹಿಂದಿನ ರಾತ್ರಿ ಮಲಗಲು ಒಂದು ಹಾಸ್ಟೆಲ್‌ನ ಹಾಲ್ ಅಥವಾ ಕಲ್ಯಾಣ ಮಂಟಪ ತೆರೆಯಿರಿ. ಎಲ್ಲರನ್ನೂ ಬೆಳಗಿನ ನಾಲ್ಕಕ್ಕೆ ಕರೆದು ಹನ್ನೊಂದಕ್ಕೆ ಓಡಿಸುವ ಬದಲು ತಂಡ ಮಾಡಿ ಹೊತ್ತು ಕೊಡಿ. ಕಾಯುವ ಜಾಗದಲ್ಲಿ ನೆರಳು ಇರಲಿ. ಒಂದು ದೊಡ್ಡ ತೊಟ್ಟಿ, ಮಂಜುಗಡ್ಡೆ ನೀರು ಇರಲಿ. ಬಿಸಿಲು ಹೊಡೆದು ತೊದಲುತ್ತಿರುವವನನ್ನು ಮೊದಲು ತಣ್ಣೀರಿನಲ್ಲಿ ಮುಳುಗಿಸಿ ಮೈ ತಣಿಸಿ, ಆಮೇಲೆ ಆಂಬುಲೆನ್ಸ್‌ಗೆ ಹತ್ತಿಸಬೇಕು ಎನ್ನುವುದು ವೈದ್ಯಕೀಯದ ಸರಳ ಪಾಠ. ಆ ಬೇವಿನ ಮರದ ಅಜ್ಜಿಗೆ ಅದು ಯಾರೂ ಹೇಳದೆ ಗೊತ್ತಿತ್ತು.

ನಮ್ಮ ಹುಡುಗರಿಗೂ ಒಂದೆರಡು ಮಾತು. ಬಿಸಿಲಿಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು, ಒಂದೇ ದಿನದ ಛಲದಿಂದ ಆಗುವ ಕೆಲಸ ಅಲ್ಲ. ಬರೀ ನೀರನ್ನು ಹೊಟ್ಟೆ ತುಂಬ ಕುಡಿಯುವುದೂ ತಪ್ಪೇ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದವರಲ್ಲಿ ಕೆಲವರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಮಂದಿಯಲ್ಲಿ ಉಪ್ಪಿನಂಶ ಅಪಾಯದ ಮಟ್ಟಕ್ಕೆ ಇಳಿದಿತ್ತು. ಬಾಯಾರಿದಷ್ಟು ಕುಡಿಯಿರಿ, ಮಜ್ಜಿಗೆಗೆ ಉಪ್ಪು ಹಾಕಿ. ಬಿಸಿಲಿನಲ್ಲಿ ಚಳಿ ಅನ್ನಿಸಿದರೆ ನಿಂತುಬಿಡಿ. ಪಕ್ಕದಲ್ಲಿ ಓಡುವವನು ಹೆಸರು ಕೇಳಿದರೆ ತಡವರಿಸುತ್ತಿದ್ದಾನೆಂದರೆ ನೀವೂ ನಿಲ್ಲಿ. ಆ 6 ನಿಮಿಷ 30 ಸೆಕೆಂಡ್ ಹೋದರೆ ಹೋಗಲಿ, ಮುಂದಿನ ಅಧಿಸೂಚನೆ ಬರುತ್ತದೆ. ಇದನ್ನು ಬರೆಯುವುದು ಸುಲಭ; ವಯೋಮಿತಿಯ ಕೊನೆಯ ವರ್ಷದಲ್ಲಿರುವವನಿಗೆ ಹೇಳುವುದು ಕಷ್ಟ ಎಂಬುದೂ ನನಗೆ ಗೊತ್ತಿದೆ.

ಮಾಲೀಕರ ಹತ್ತಿರ ಮಾತಾಡಿ ನಾನೀಗ ವಾರದಲ್ಲಿ ಮೂರು ದಿನ ಹಗಲು ಪಾಳಿಗೆ ಬದಲಾಗಿದ್ದೇನೆ, ಸಂಬಳ ಸ್ವಲ್ಪ ಕಡಿಮೆ. ಬಜಾರಿನಲ್ಲಿ ನಮ್ಮ ಜೊತೆ ಓಡುವ ಕಂಪ್ಲಿಯ ಹುಡುಗನೊಬ್ಬನಿಗೆ ಮುಂದಿನ ವಾರ ದೂರದ ಜಿಲ್ಲೆಯಲ್ಲಿ ದೈಹಿಕ ಪರೀಕ್ಷೆ ಇದೆ. ರಾತ್ರಿ ಬಸ್ಸಿಗೆ ಹೋಗುತ್ತೇನೆ ಎಂದ. 'ಬಸ್ಸಿನಾಗ ಮಲ್ಕೊಂತೀನಿ ಬಿಡಣ್ಣ' ಎಂದ. ನಾವು ಎಂಟು ಜನ ಐವತ್ತು ಐವತ್ತು ರೂಪಾಯಿ ಹಾಕಿದೆವು. ಆ ಊರಿನ ಒಂದು ಲಾಡ್ಜ್‌ಗೆ ಫೋನ್ ಮಾಡಿ, ಇದೇ ಧಂದೆಯವನು ನಾನೂ ಎಂದು ಹೇಳಿ, ಫ್ಯಾನ್ ಇರುವ ರೂಮನ್ನು ನಾನೂರಕ್ಕೆ ಒಪ್ಪಿಸಿದ್ದೇನೆ. ಅವನು ಹಿಂದಿನ ದಿನ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಾನೆ.